ಮೆಟ್ಟಿಲ ಕೆಳಗಿನ ಮನೆ

ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ತಳಕ್ಕೆ ಎರಡು ಹನಿ ನೀರು ಚಿಮುಕಿಸಿ, ಚುಯ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೆಯೇ ಆಕೆ, 'ದೇವರೇ, ಇವತ್ತು ಯಾರ ಬಟ್ಟೆಯೂ ಸುಡದ ಹಾಗೆ ನೋಡಿಕೋ' ಎಂದುಕೊಂಡು ಕೆಲಸಕ್ಕೆ ಕೈ ಹಚ್ಚುತ್ತಿದ್ದಳು. ಜ್ವರ ಬಂದ ದಿನವೂ ಇದು ತಪ್ಪಿದ್ದಲ್ಲ. ಬೀದಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಮೂರಂತಸ್ತಿನ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಒಬ್ಬಳೇ ಇದ್ದಳು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುವ ಕೋಣೆ. ಬಾಡಿಗೆಯ ಬದಲು ಯಜಮಾನರ ಮನೆಯ ಬಟ್ಟೆಗೆಲ್ಲ ಇಸ್ತ್ರಿ.

ಹೊಳೆ ಉಕ್ಕಿ ಬೀದಿಗೆ ನುಗ್ಗಿದಾಗ ಆ ಕೋಣೆ ಪೂರ್ತಿ ಮುಳುಗಿತು. ಆಕೆ ಎದೆಗವಚಿಕೊಂಡು ಮೇಲೆ ಓಡಿದ ಪೆಟ್ಟಿಗೆಯೊಂದೇ ಉಳಿಯಿತು. ನೀರಿಳಿದ ಮೇಲೆ ಪರಿಹಾರದವರು ಬಂದು, ಈ ಬೀದಿ ಇನ್ನು ವಾಸಕ್ಕೆ ಯೋಗ್ಯವಲ್ಲ, ಇದೇ ಬೀದಿಯಲ್ಲಿ ಮನೆಯಿತ್ತೆಂದು ತೋರಿಸುವ ಕಾಗದವನ್ನು ಶನಿವಾರದೊಳಗೆ ತಂದವರಿಗೆ ಹೊಸ ಮನೆ ಎಂದರು. ಎಲ್ಲರ ಕಾಗದಗಳೋ, ನೆನೆದು ಒಂದಕ್ಕೊಂದು ಅಂಟಿಹೋಗಿದ್ದವು. ಕರೆಂಟಿಲ್ಲ, ಬಿಸಿಲಿಲ್ಲ. 'ಇನ್ನೂ ಕೆಂಡದ್ದೇ ಇಟ್ಕೊಂಡಿದ್ದೀಯಾ' ಎಂದು ತಾವು ನಗುತ್ತಿದ್ದ ಪೆಟ್ಟಿಗೆ ಆಗ ಬೀದಿಯವರಿಗೆ ನೆನಪಾಯಿತು.

ಬೇಕರಿಯವನು ಅಟ್ಟದ ಮೇಲೆ ಉಳಿದಿದ್ದ ಇದ್ದಿಲಿನ ಚೀಲ ಇಳಿಸಿಕೊಟ್ಟ. ನೀರಿಗೆ ಕಿತ್ತುಬಂದ ಬಾಗಿಲೊಂದನ್ನು ಮೇಜು ಮಾಡಿಕೊಂಡು, ಕೆಳಗೊಂದು ಮೇಲೊಂದು ತೆಳುಬಟ್ಟೆ ಹಾಸಿ, ಎಳೆಯದೆ, ಒತ್ತದೆ, ಪೆಟ್ಟಿಗೆ ಇಟ್ಟು ಎತ್ತಿ, ಇಟ್ಟು ಎತ್ತಿ, ಮೂರು ದಿನ ಒಂದೊಂದೇ ಹಾಳೆ ಒಣಗಿಸಿದಳು.

ಕೆಲಸದಿಂದ ನಿವೃತ್ತನಾದ ಅಂಚೆಯಣ್ಣ ತನ್ನ ಮನೆಪತ್ರವನ್ನು ಬಿಸಿಬಿಸಿಯಾಗಿಯೇ ಕೈಗೆ ತೆಗೆದುಕೊಳ್ಳುತ್ತ ಕೇಳಿದ, "ನಿನ್ನ ಕಾಗದ ಎಲ್ಲಿದೆಯಮ್ಮ?"

"ನನ್ನ ಹೆಸರಿಗೆ ಕಾಗದ ಎಲ್ಲಿಂದ ಬರ್ಬೇಕಣ್ಣ? ಇಷ್ಟು ವರ್ಷ ಹಂಚಿದೋರು ನೀವೇ. ನನ್ನ ಬಾಗಿಲಿಗೆ ಒಂದಾದ್ರೂ ತಂದಿದ್ರಾ?"

"ಬರದೇ ಇರೋದನ್ನ ನಾನೇ ಬರೆದು ತರ್ಬೇಕಿತ್ತಾ?" ಎಂದು ನಕ್ಕವನ ನಗು ಅರ್ಧಕ್ಕೇ ನಿಂತಿತು. ನೇರ ಪರಿಹಾರದ ಕಚೇರಿಗೆ ಹೋಗಿ ವಿಚಾರಿಸಿ ಬಂದ. ಕಾಗದವಿಲ್ಲದವರ ಪರವಾಗಿ ಕಾಗದವಿರುವ ಹತ್ತು ಜನ ನೆರೆಯವರು ಸಹಿ ಹಾಕಿದರೆ ಅರ್ಜಿ ತೆಗೆದುಕೊಳ್ಳುತ್ತಾರಂತೆ. ಒಪ್ಪುವುದು ಬಿಡುವುದು ಮೇಲಿನವರಿಗೆ ಸೇರಿದ್ದು.

ಅರ್ಜಿಯನ್ನು ಅವನೇ ಬರೆದ. ಸಂಜೆಯೊಳಗೆ ಮೂವತ್ತೊಂದು ಸಹಿ ಬಿತ್ತು.

"ನನ್ನ ಮದುವೆ ಅಂಗಿ ಕಾಲರ್ ಸುಟ್ಟೋಳು ಇವಳೇ. ಅದನ್ನೂ ಸೇರಿಸಿ, ಸಾಕ್ಷಿ ಗಟ್ಟಿಯಾಗುತ್ತೆ," ಎಂದ ಬೇಕರಿಯವನು.

ಸಹಿ ಹಾಕದೆ ಉಳಿದವರು ಯಜಮಾನರೊಬ್ಬರೇ. ಆ ಕೋಣೆ ಮನೆಯ ನಕ್ಷೆಯಲ್ಲಿರಲಿಲ್ಲ. ಸಹಿ ಹಾಕಿದರೆ ಕದ್ದು ಕಟ್ಟಿದ್ದನ್ನು ಒಪ್ಪಿಕೊಂಡ ಹಾಗೆ. ಕೆಟ್ಟವರೇನಲ್ಲ. ನೀರು ಏರಿದ ದಿನ ಆಕೆಯ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡವರು ಅವರೇ. ಶುಕ್ರವಾರ ತಾವಾಗಿಯೇ ಆಕೆಯ ಹತ್ತಿರ ಬಂದರು.

"ನೋಡಮ್ಮ, ಆ ಅರ್ಜಿ ಯಾವ ಮೂಲೆ ಸೇರುತ್ತೋ ಏನೋ. ನಮ್ಮನೆ ಕೆಲಸದವಳು, ನಮ್ಮ ಜೊತೆಗೇ ಇದ್ಲು ಅಂತ ಬರೆಸಿಬಿಡ್ತೀನಿ. ನಮಗೆ ಸಿಗೋ ಮನೇಲಿ ನಿನಗೊಂದು ಕೋಣೆ. ಕೊನೇತನಕ ಯಾರೂ ನಿನ್ನನ್ನ ಎಬ್ಬಿಸಲ್ಲ."

ಮನೆ ಕಳೆದುಕೊಂಡವರನ್ನು ಇರಿಸಿದ್ದ ಶಾಲೆಯ ಹಜಾರದ ನೆಲದಲ್ಲಿ ಮಲಗಿ ಮಲಗಿ ಆಕೆಯ ಸೊಂಟ ಹಿಡಿದುಕೊಂಡಿತ್ತು. ಕೋಣೆ ಎಂಬ ಮಾತಿಗೇ ಜೀವ ಹಂಬಲಿಸುತ್ತಿತ್ತು.

"ನೀವು ಒಳ್ಳೇದಕ್ಕೇ ಹೇಳ್ತೀರಣ್ಣ," ಎಂದಳು ಕಡೆಗೆ. "ಆದ್ರೆ ಹಾಗೆ ಬರೆಸಿದ್ರೆ ಮೆಟ್ಟಿಲ ಕೆಳಗೆ ಯಾರೂ ಇರ್ಲೇ ಇಲ್ಲ ಅಂತಾಗುತ್ತೆ. ಇದ್ಲು ಅಂತ ಮೂವತ್ತೊಂದು ಜನ ಸಹಿ ಹಾಕಿದಾರೆ. ಅವರನ್ನೆಲ್ಲ ಸುಳ್ಳುಗಾರರನ್ನಾಗಿ ಮಾಡಿ ನಾನು ಹೇಗಣ್ಣ ನಿದ್ದೆ ಮಾಡ್ಲಿ? ಬೇಡ. ನನ್ನ ಅರ್ಜಿ ನನ್ನ ಹೆಸರಲ್ಲೇ ಹೋಗ್ಲಿ."