ಒದೆ ತಿನ್ನುವ ಗಂಟಲು

ನಿಮ್ಮೆಜಮಾನರು ಏನು ಕೆಲಸ ಮಾಡುತ್ತಾರೆ ಎಂದು ದೆಹಲಿಯ ನಮ್ಮ ರೋಹಿಣಿ ಬಡಾವಣೆಯ ಹೆಂಗಸರು ಕೇಳಿದಾಗಲೆಲ್ಲ ನಾನು ‘ಸೌಂಡ್ ಲೈನ್’ ಎಂದು ಹೇಳಿ ಮಾತು ತೇಲಿಸಿಬಿಡುತ್ತಿದ್ದೆ. ಒದೆ ತಿನ್ನುತ್ತಾರೆ ಎಂದು ಯಾವ ಬಾಯಲ್ಲಿ ಹೇಳಲಿ? ಆದರೆ ನಿಜ ಅದೇ. ಆಗ ಅಗ್ಗದ ಚೀನೀ ಕುಂಗ್‌ಫೂ ಕಾಮಿಡಿ ಸಿನಿಮಾಗಳು ಹಿಂದಿ ಮಾತಿನಲ್ಲಿ ಸಿ.ಡಿ.ಗಳಾಗಿ ಫುಟ್‌ಪಾತಿನ ಮೇಲೆಲ್ಲ ಬಿಕರಿಯಾಗುತ್ತಿದ್ದವು. ಅವುಗಳಲ್ಲಿ ಹೊಡೆಯುವವನ ದನಿ ಯಾರದೋ. ಹೊಡೆಸಿಕೊಳ್ಳುವ ಮೂವತ್ತು ನಲವತ್ತು ಜನರ ನರಳಾಟವೆಲ್ಲ ನನ್ನ ಗಂಡ ಹನುಮಂತ ಒಬ್ಬರದೇ.

ಹಿರಿಯೂರಿನ ಕಡೆಯ ಮನುಷ್ಯ. ದೆಹಲಿಗೆ ಬಂದು ಓಖ್ಲಾದ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತರಾಗಿದ್ದರು, ಅದು ಬಾಗಿಲು ಹಾಕಿತು. ಆಮೇಲೆ ನಮ್ಮ ಸೆಕ್ಟರಿನ ಮಾರ್ಕೆಟ್ಟಿನ ನೆಲಮಾಳಿಗೆಯಲ್ಲಿ ಡಬ್ಬಿಂಗ್ ಸ್ಟುಡಿಯೋ ಇಟ್ಟಿದ್ದ ಚಡ್ಡಾ ಎಂಬುವರ ಹತ್ತಿರ ಆಫೀಸ್ ನೋಡಿಕೊಳ್ಳಲು ಸೇರಿದರು. ಒಂದು ದಿನ ಕಾಲಿನ ಹೆಬ್ಬೆರಳು ಸ್ಟೆಬಿಲೈಜರಿಗೆ ತಾಕಿ ಇವರು ‘ಅಯ್ಯಯ್ಯಪ್ಪೋ’ ಎಂದು ಕಿರುಚಿದ್ದೇ ತಡ, ಚಡ್ಡಾ ಓಡಿಬಂದರಂತೆ. ಕಾಲು ನೋಡುವುದಕ್ಕಲ್ಲ, ಗಂಟಲು ನೋಡುವುದಕ್ಕೆ.

ಮಾತಿರುವ ಪಾತ್ರ ಮಾತ್ರ ಇವರಿಗೆ ಸಿಗಲೇ ಇಲ್ಲ. ಬಸ್ಸಿಗೂ ಬಕೆಟ್ಟಿಗೂ ಗಂಡು ಹೆಣ್ಣು ನೋಡುವ ಆ ಹಿಂದಿ ನಮ್ಮ ಜನಕ್ಕೆ ಹತ್ತಿದರೆ ತಾನೇ? ಇವರ ಬಾಯಲ್ಲಿ ಬಸ್ಸು ‘ಆತಾ ಹೈ’, ನೀರು ‘ಆತೀ ಹೈ’. ದೆಹಲಿಯಲ್ಲೇ ಹುಟ್ಟಿದ ನಮ್ಮ ಮಗಳು ಕೃತಿ, ‘ಅಪ್ಪಾ, ಪಾನೀ ಆತಾ ಹೈ, ಆತಾ!’ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ನರಳಾಟಕ್ಕೆ ಗಂಡು ಹೆಣ್ಣಿನ ತಾಪತ್ರಯವಿಲ್ಲವಲ್ಲ, ಬದುಕಿಕೊಂಡರು.

ಆದರೂ ಒಂದು ಪೇಚಾಯಿತು. ಯಾವುದೋ ಸಿ.ಡಿ.ಯಲ್ಲಿ ಉದ್ದ ಜಡೆಯ ಚೀನೀ ಗೂಂಡಾ ಒಬ್ಬ ಒದೆ ಬಿದ್ದೊಡನೆ ‘ಅಮ್ಮಾ, ಸತ್ತೆನಪ್ಪೋ’ ಎಂದುಬಿಟ್ಟ. ಅಂಗಡಿಯವರು ನಕ್ಕೂ ನಕ್ಕೂ ಸಿ.ಡಿ. ಪೆಟ್ಟಿಗೆ ವಾಪಸ್ ಕಳಿಸಿದರು. ಚಡ್ಡಾ ಕೈಮುಗಿದು ಹೇಳಿದರಂತೆ: ‘ಹನುಮಾನ್ ಜೀ, ಚೀನಾವಾಲಾ ಅಮ್ಮಾ ಥೋಡೀ ಬೋಲೇಗಾ? ಮರ್ ಗಯಾ ರೇ ಬೋಲಿಯೇ.’ ಚೀನಾದವನೆಲ್ಲಿ ಅಮ್ಮಾ ಅನ್ನುತ್ತಾನೆ, ಸತ್ತೆ ಅನ್ನುವುದನ್ನು ಹಿಂದಿಯಲ್ಲೇ ಅನ್ನಿ ಎಂದು. ಅಂದಿನಿಂದ ಇವರು ಬಚ್ಚಲಲ್ಲಿ ನಿಂತು ಹಿಂದಿಯಲ್ಲಿ ನೋವು ಅಭ್ಯಾಸ ಮಾಡಿದರು. ‘ಮರ್ ಗಯಾ ರೇ! ಹಾಯ್, ಮರ್ ಗಯಾ!’ ಪಕ್ಕದ ಮನೆಯ ಪಂಜಾಬಿ ಆಂಟಿ ನನ್ನನ್ನು ಒಂದು ಥರಾ ನೋಡತೊಡಗಿದಳು, ಗಂಡನನ್ನು ಹೊಡೆಯುವವಳು ಎಂಬಂತೆ. ಅಂತೂ ಇವರ ಬಾಯಿಂದ ಸ್ಟುಡಿಯೋದಲ್ಲಿ ಮತ್ತೆಂದೂ ಕನ್ನಡದ ಅಯ್ಯೋ ಬರಲಿಲ್ಲ.

ನನಗೆ ಆ ಸಿನಿಮಾಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಎಲ್ಲದರಲ್ಲೂ ಅದೇ ಬಿದಿರು ಮೆಳೆ, ಅದೇ ಖಾನಾವಳಿ. ಸತ್ತವನೇ ಮೀಸೆ ಅಂಟಿಸಿಕೊಂಡು ಮತ್ತೆ ಬರುತ್ತಾನೆ. ಹತ್ತು ಜನ ಸುತ್ತುವರಿದರೂ ರೇಷನ್ ಅಂಗಡಿಯ ಸಾಲಿನ ಹಾಗೆ ಒಬ್ಬೊಬ್ಬರಾಗಿಯೇ ಬಂದು ಒದೆಸಿಕೊಂಡು ಹೋಗುತ್ತಾರೆ. ಬಾಯಿ ಒಂದು ಆಡುತ್ತದೆ, ಮಾತು ಇನ್ನೊಂದು ಕೇಳುತ್ತದೆ.

‘ಕಥೆ ಅಂತ ಏನಾದ್ರೂ ಇದೆಯೇನ್ರೀ ಇದ್ರಲ್ಲಿ?’ ಎಂದರೆ, ‘ಬೀಳ್ತಾರಲ್ಲೇ ವೈಜೂ, ಆ ಬೀಳೋದನ್ನ ನೋಡು’ ಎನ್ನುತ್ತಿದ್ದರು. ‘ದೊಡ್ಡ ಸಿನಿಮಾದಲ್ಲಿ ಎಲ್ಲಾ ಹಗ್ಗ ಕಟ್ಕೊಂಡು ಹಾರ್ತಾರೆ. ಇಲ್ಲಿ ಹಗ್ಗಕ್ಕೂ ಗತಿಯಿಲ್ಲ, ನೆಲಕ್ಕೇ ಬೀಳ್ತಾರೆ. ಬಿದ್ದು ಎದ್ದು ಮತ್ತೆ ಬರ್ತಾರೆ ಕಣೇ, ಅದೇ ಚೆಂದ.’

ಎರಡು ಸಾವಿರದ ನಾಲ್ಕರ ಜೂನ್ ತಿಂಗಳು. ಹೊಸದೊಂದು ಸಿನಿಮಾಕ್ಕೆ, ಸಂತೆಯಲ್ಲಿ ಚೀರುವ ಹೆಂಗಸಿನ ದನಿಯೊಂದು ಬೇಕಿತ್ತು. ಬೇರೆಯವರನ್ನು ಕರೆಸುವ ಖರ್ಚೇಕೆ, ಭಾಭೀಜಿಯನ್ನೇ ಕರೆತನ್ನಿ ಎಂದಿದ್ದರು ಚಡ್ಡಾ. ಆ ದಿನ ಬೆಳಿಗ್ಗೆ ಏಳುತ್ತಲೇ ಇವರು ಎಡಭುಜ ಉಜ್ಜಿಕೊಳ್ಳುತ್ತಿದ್ದರು.

‘ಮೊದಲು ಡಾಕ್ಟರ ಹತ್ರ ನಡೀರಿ’ ಎಂದೆ.

‘ಗ್ಯಾಸು ಕಣೇ. ನಾಳೆ ಸಿ.ಡಿ. ಕೊಡಬೇಕು. ಸಂಜೆ ಹೋಗೋಣ’ ಎಂದು ಜೀರಿಗೆ ನೀರು ಕುಡಿದರು. ಸಿಟ್ಟು ಬಂತು. ಹಟಮಾರಿ ಮನುಷ್ಯನಿಗೆ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಸ್ಟುಡಿಯೋದಲ್ಲಿ ಗಾಜಿನ ಆಚೆ ಇವರು, ಈಚೆ ಚಡ್ಡಾ ಮತ್ತು ನಾನು. ಸದ್ದು ಸೇರಿಕೊಳ್ಳುತ್ತದೆಂದು ಟೇಕ್ ನಡೆಯುವಾಗ ಒಳಗೆ ಫ್ಯಾನೂ ಇಲ್ಲ. ಕೆಂಪು ದೀಪ ಹತ್ತಿದ ಮೇಲೆ ಬಾಗಿಲು ಮುಟ್ಟುವಂತಿಲ್ಲ. ಇವರು ಒಂದರ ಮೇಲೊಂದು ಏಟು ತಿಂದರು. ಹೊಟ್ಟೆಗೆ, ಬೆನ್ನಿಗೆ, ಕುಂಡಿಗೆ. ‘ಮರ್ ಗಯಾ ರೇ!’ ಮುಖದ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ತುಟಿ ಬಿಳಿಚಿತ್ತು. ‘ಭಾಯಿಸಾಬ್, ಸ್ವಲ್ಪ ರೆಸ್ಟ್ ಕೊಡಿ’ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಚಡ್ಡಾ ಮೈಕಿನಲ್ಲಿ ಕೇಳಿದರೆ ಇವರು ಒಳಗಿಂದ ಕೈಯಾಡಿಸಿ ಬೇಡವೆಂದರು.

ಮುಂದಿನದು ಮೆಟ್ಟಿಲಿನ ದೃಶ್ಯ. ಖಾನಾವಳಿಯ ದಪ್ಪ ಅಡಿಗೆಯವನು ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತ ಉರುಳುತ್ತಾನೆ. ಅದನ್ನು ಮೊದಲು ಸುಮ್ಮನೆ ಓಡಿಸಿ ತೋರಿಸಿದಾಗ ಇವರು ಒಳಗಿಂದಲೇ ನನಗೆ ಹೇಳಿದ್ದರು: ‘ವೈಜೂ, ಇವನು ನಿಜವಾಗ್ಲೂ ಬಿದ್ದಿದಾನೆ ನೋಡು. ನಾಟಕವಾಗಿದ್ರೆ ಕೈ ಊರ್ತಿದ್ದ. ಇನ್ನೊಂದ್ಸಲ ತೆಗೆಯೋಕೆ ಕಾಸಿಲ್ದೆ ಅದನ್ನೇ ಇಟ್ಕೊಂಡಿದಾರೆ, ಪಾಪ.’

ಕೆಂಪು ದೀಪ ಹತ್ತಿತು. ಅಡಿಗೆಯವನ ಕಾಲು ಜಾರಿತು.

‘ಅಮ್ಮಾ...!’

ಚಡ್ಡಾ ತೊಡೆ ತಟ್ಟಿಕೊಂಡು, ‘ವಾಹ್! ಕ್ಯಾ ಬಾತ್ ಹೈ!’ ಎಂದರು. ನನಗೆ ಕೇಳಿಸಿದ್ದು ಆ ಒಂದು ಶಬ್ದ ಮಾತ್ರ. ಈ ಮನುಷ್ಯ ಇಲ್ಲಿ ಅಮ್ಮಾ ಎನ್ನುವುದಿಲ್ಲ. ಪಗಾರಕ್ಕೆ ಕೂಗುವಾಗ ಎನ್ನುವುದೇ ಇಲ್ಲ. ಎದ್ದು ಬಾಗಿಲಿಗೆ ನುಗ್ಗಿದೆ. ಚಡ್ಡಾ ನನ್ನ ಮುಂಗೈ ಹಿಡಿದು, ‘ಭಾಭೀಜಿ, ಟೇಕ್! ಟೇಕ್ ಚಲ್ ರಹಾ ಹೈ!’ ಎಂದರು.

‘ನಿನ್ನ ಟೇಕಿಗೆ ಬೆಂಕಿ ಹಾಕ! ಬಿಡೋ ಕೈ!’ ಎಂದೆ, ಕನ್ನಡದಲ್ಲೇ. ಅವರಿಗೆ ಏನು ತಿಳಿಯಿತೋ, ಕೈ ಬಿಟ್ಟರು.

ಇವರು ನೆಲದ ಮೇಲೆ ಎದೆ ಹಿಡಿದು ಮುದುಡಿದ್ದರು. ಹೆಡ್‌ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಆ ದಢೂತಿ ಚಡ್ಡಾ ಇವರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಮಾರುತಿ ವ್ಯಾನಿನಲ್ಲಿ ಹಾರ್ನ್ ಬಿಡದೆ ಒತ್ತುತ್ತ, ‘ಹನುಮಾನ್ ಜೀ, ಸೋನಾ ನಹೀ’, ನಿದ್ದೆ ಹೋಗಬೇಡಿ, ಎಂದು ಅಳುತ್ತ ಆಸ್ಪತ್ರೆ ಮುಟ್ಟಿಸಿದರು. ನಾನು ದಾರಿಯುದ್ದಕ್ಕೂ ಇವರ ಕೆನ್ನೆ ತಟ್ಟುತ್ತಿದ್ದೆ. ಇವರು ಬೀಳುವ ಜನವನ್ನು ಹೊಗಳಿದ್ದೆಲ್ಲ ನೆನಪಾಗಿ, ‘ಏಳ್ರೀ, ಎದ್ದು ಬರ್ತಾರೆ ಅಂದಿದ್ರಲ್ಲ, ಏಳ್ರೀ’ ಎಂದು ಬೈಯುತ್ತಿದ್ದೆ. ಇನ್ನೊಂದು ಚೂರು ತಡವಾಗಿದ್ದರೆ ನಮ್ಮ ಕೈಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಉಳಿದುಕೊಂಡರು. ಇನ್ನು ಕಿರುಚುವ ಕೆಲಸ ಬೇಡ ಎಂದಾಯಿತು. ಇವರು ಮನೆಗೆ ಬಂದು ಸ್ವಲ್ಪ ದಿನಕ್ಕೆ ಚಡ್ಡಾ ಆ ಸಿ.ಡಿ. ಹಿಡಿದು ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ಮೆಟ್ಟಿಲ ದೃಶ್ಯದಲ್ಲಿ ಆ ದಿನದ ಕೂಗೇ ಇದೆ, ಬೇರೆ ದನಿ ಹಾಕಿ ನೋಡಿದೆ, ಯಾವುದೂ ಕೂರಲಿಲ್ಲ, ಭಾಭೀಜಿ ತೆಗೆಯಿರಿ ಎಂದರೆ ತೆಗೆಯುತ್ತೇನೆ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ‘ನನ್ನ ಗಂಡನ ಪ್ರಾಣ ಹೋಗೋ ಸದ್ದನ್ನ ಫುಟ್‌ಪಾತಲ್ಲಿ ಮಾರ್ತೀರಾ? ಜನ ನಗಲಿ ಅಂತ?’

‘ಮೊದಲು ಹಾಕೇ, ನೋಡೋಣ’ ಎಂದರು ಇವರು, ದಿಂಬಿಗೊರಗಿ.

ಅಡಿಗೆಯವನು ಉರುಳಿದ. ‘ಅಮ್ಮಾ...!’ ಆಗಷ್ಟೇ ಆಟ ಮುಗಿಸಿ ಒಳಬಂದಿದ್ದ, ಏನೂ ತಿಳಿಯದ ಕೃತಿ ಹೊಟ್ಟೆ ಹಿಡಿದು ನಕ್ಕಳು. ನನಗೆ ಅವಳ ಬೆನ್ನಿಗೊಂದು ಬಿಡಬೇಕೆನ್ನಿಸಿತು. ಇವರು ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

‘ಇನ್ನೊಂದ್ಸಲ ಹಾಕು. ಅವನ ಬಾಯಿ ನೋಡು ವೈಜೂ.’

ಹಾಕಿದೆ. ಅಡಿಗೆಯವನ ತುಟಿ ತೆರೆದು, ಮುಚ್ಚಿ, ಮತ್ತೆ ಅಗಲವಾಗಿ ತೆರೆಯಿತು. ಇವರ ಕೂಗು ಅದರ ಮೇಲೆ ಒಂದಿಷ್ಟೂ ಹಿಂದೆ ಮುಂದೆ ಆಗದೆ ಕೂತಿತ್ತು. ಇಷ್ಟು ವರ್ಷ ನೋಡಿದ ಆ ಸಿನಿಮಾಗಳಲ್ಲಿ ಬಾಯಿಗೂ ಮಾತಿಗೂ ಕೂಡಿದ್ದು ಅದೊಂದೇ ಸಲ. ಅವನೂ ಅವನಮ್ಮನನ್ನೇ ಕರೆದಿದ್ದ. ಯಾವ ತಾಯಿ ಹೆತ್ತ ಮಗನೋ, ಎದ್ದನೋ ಇಲ್ಲವೋ.

ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಇರಲಿ ಬಿಡಿ ಎಂದು ಚಡ್ಡಾಗೆ ಕೈಸನ್ನೆ ಮಾಡಿ, ‘ರಹನೇ ದೋ ಭಾಯಿಸಾಬ್. ಆವಾಜ್ ಅಚ್ಛಾ ಹೈ’ ಎಂದೆ.

‘ಅಚ್ಛೀ, ಮಮ್ಮಿ! ಆವಾಜ್ ಅಚ್ಛೀ ಹೋತೀ ಹೈ’ ಎಂದು ಕೃತಿ ತಿದ್ದಿದಳು.

‘ಅದು ನಿಮ್ಮಪ್ಪನ ಆವಾಜ್ ಕಣೇ, ಅಚ್ಛಾನೇ’ ಎಂದು ಗದರಿ, ಚಡ್ಡಾಗೆ ಟೀ ಇಡಲು ಒಳಗೆ ಹೋದೆ.