ಯಾವುದನ್ನೂ ಎತ್ತಿಡಲ್ಲ

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಮಾಸ್ಟರಮ್ಮ ಎನ್ನುತ್ತಿದ್ದರು. ಅದು ಗೇಲಿಯ ಹೆಸರು. ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆದವರೆಲ್ಲ ಗಂಡಸರೇ. ಆಕೆ ಹದಿನಾಲ್ಕು ವರ್ಷ ಸಹಾಯಕಿಯಾಗಿಯೇ ಉಳಿದಳು. ಎಡಗೈಗೆ ಉಕ್ಕಿನ ಬಲೆಯ ಗವಸು ಹಾಕಿಕೊಂಡು ಎಂಬತ್ತು ಪದರ ಬಟ್ಟೆಯ ಮೇಲೆ ಕರೆಂಟಿನ ಕತ್ತಿ ಓಡಿಸಿದರೆ, ಮೇಲಿನ ತೋಳಿಗೂ ತಳದ ತೋಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಕೆಲಸ ಇವಳದು, ಹೆಸರು ಮಾಸ್ಟರದು.

ಹಳೆಯ ಮಾಸ್ಟರ್ ನಿವೃತ್ತರಾದಾಗ ಆ ಜಾಗದಲ್ಲಿ ಬಂದು ಕೂತವನು, ಆಕೆಯೇ ಕತ್ತಿ ಹಿಡಿಯಲು ಕಲಿಸಿದ್ದ ಒಬ್ಬಾತ. ಕೇಳಲು ಹೋದರೆ ಮ್ಯಾನೇಜರ್, ಹೆಂಗಸು ಹೇಳಿದರೆ ಗಂಡಸರು ಕೇಳುತ್ತಾರೇನಮ್ಮ ಎಂದು ನಕ್ಕ. ಆಕೆ ನಗಲಿಲ್ಲ. ಅದೇ ದಿನ ಊಟದ ಬಿಡುವಿನಲ್ಲಿ ಕೂತು, ರೈಲಿನಲ್ಲಿ ಎರಡು ದಿನದ ದಾರಿಯ ಊರೊಂದರ ಕಾರ್ಖಾನೆಗೆ ಅರ್ಜಿ ಬರೆದು ಹಾಕಿದಳು. ಅವರು ಕರೆಸಿ, ಒಂದು ಥಾನು ಬಟ್ಟೆ ಮುಂದಿಟ್ಟು, ಕತ್ತರಿಸಿ ತೋರಿಸಿ ಎಂದರು. ತೋರಿಸಿದಳು. ತಿಂಗಳೊಳಗೆ ನೇಮಕದ ಕಾಗದ ಬಂತು. ಹುದ್ದೆ, ಕಟಿಂಗ್ ಮಾಸ್ಟರ್.

ಗಂಡ ಗಡಿಯಾರ ರಿಪೇರಿಯವನು. ಮಾತು ಕಡಿಮೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಕಾಗದವನ್ನು ಎರಡು ಸಲ ಓದಿದ.

"ಗಡಿಯಾರ ಎಲ್ಲಾ ಊರಲ್ಲೂ ಕೆಡುತ್ತೆ ಬಿಡು," ಎಂದ. ಅಲ್ಲಿಗೆ ಮನೆಯೊಳಗಿನ ಚರ್ಚೆ ಮುಗಿಯಿತು.

ಬೀದಿಗೆ ಮಾತ್ರ ಅದು ಅರಗಲಿಲ್ಲ. ಗಂಡನ ಕೆಲಸಕ್ಕೆ ಹೆಂಡತಿ ಊರು ಬಿಟ್ಟರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೆಂಡತಿಯ ಕೆಲಸಕ್ಕೆ ಗಂಡ, ಮಗಳು, ಅತ್ತೆ ಎಲ್ಲರೂ ಗಂಟುಮೂಟೆ ಕಟ್ಟುವುದೆಂದರೇನು? ನಲ್ಲಿಯ ಹತ್ತಿರ ಮೂಗು ಮುರಿದವರೆಷ್ಟೋ. ಮರಮುಟ್ಟಿನ ಅಂಗಡಿ ಇಟ್ಟಿದ್ದ ಗಂಡನ ಅಣ್ಣ, ಭಾವನವರೇ ಒಂದು ಸಂಜೆ ಬಂದು, ಬುದ್ಧಿ ಹೇಳುವ ದನಿಯಲ್ಲಿ ಶುರು ಮಾಡಿದರು.

"ದೂರದ ಬೆಟ್ಟ ನುಣ್ಣಗೆ ಕಾಣುತ್ತೆ ಕಣಮ್ಮ. ಹೋದ ಪುಟ್ಟ ಬಂದ ಪುಟ್ಟ ಅಂತ ಆದ್ರೆ? ಸಾಮಾನೆಲ್ಲ ನನ್ನ ಗೋದಾಮಿನಲ್ಲಿ ಇಟ್ಟುಹೋಗಿ. ಆರು ತಿಂಗಳಲ್ಲಿ ವಾಪಸ್ ಬಂದಾಗ ಬೇಕಾಗುತ್ತೆ."

ಅವರ ಮನಸ್ಸು ಕೆಟ್ಟದ್ದಲ್ಲ, ಅದು ಆಕೆಗೆ ಗೊತ್ತು. ಆದರೆ ಗೋದಾಮಿನಲ್ಲಿ ಮಂಚ ಕಾಯುತ್ತಿದೆ ಎಂದಾದರೆ, ಅಲ್ಲಿ ಕಷ್ಟ ಬಂದ ಮೊದಲ ದಿನವೇ ಮನಸ್ಸು ಆ ಮಂಚದ ಕಡೆ ವಾಲುತ್ತದೆ ಎಂಬುದೂ ಗೊತ್ತಿತ್ತು.

"ಯಾವುದನ್ನೂ ಎತ್ತಿಡಲ್ಲ ಭಾವ. ಎಲ್ಲಾ ಕೊಟ್ಟುಬಿಡ್ತೀನಿ," ಎಂದಳು, ಕಡ್ಡಿ ತುಂಡು ಮಾಡಿದ ಹಾಗೆ.

ಭಾನುವಾರ ಬೆಳಿಗ್ಗೆಯೇ ಹಂಚಲು ನಿಂತಳು. ಮದುವೆಯಾಗಿ ವರ್ಷವಾದರೂ ಚಾಪೆಯಲ್ಲೇ ಮಲಗುತ್ತಿದ್ದ ಮಹಡಿಯ ಗಂಡಹೆಂಡಿರಿಗೆ ಮಂಚ ಹೋಯಿತು. ಒಂದು ಒದೆ ಕೊಡದೆ ಬಾಗಿಲು ತೆರೆಯದ ಬೀರುವನ್ನು ಹಿಂದಿನ ಮನೆಯ ನರ್ಸಿಗೆ ಕೊಟ್ಟು, ಎಲ್ಲಿ ಒದೆಯಬೇಕು ಎಂದು ತೋರಿಸಿಕೊಟ್ಟಳು. ಒಂದೊಂದು ಸಾಮಾನು ಹೊಸ್ತಿಲು ದಾಟಿದಾಗಲೂ ಹಲ್ಲು ಕಿತ್ತಂತೆ ಆಗುತ್ತಿತ್ತು. ಆದರೆ ಎದುರುಮನೆಯ ಕಿಟಕಿಗಳಲ್ಲಿ ಮುಖಗಳಿದ್ದವು. ಆಕೆ ಸೆರಗು ಸಿಕ್ಕಿಸಿಕೊಂಡು, ಹುಷಾರು, ಕಾಲು ತಾಗೀತು ಎಂದು ಹೊರುವವರಿಗೆ ಜೋರಾಗಿಯೇ ಹೇಳುತ್ತಿದ್ದಳು.

ಕೊನೆಗೆ ಉಳಿದದ್ದು ಮೇಜು. ಎಂಟಡಿ ಉದ್ದದ ತೇಗದ ಮೇಜು. ಬಡಗಿಯಾಗಿದ್ದ ಮಾವ ಸೊಸೆಯ ಸೊಂಟದ ಎತ್ತರ ನೋಡಿ ಮಾಡಿ, ಅಂಚಿನುದ್ದಕ್ಕೂ ಅಳತೆಗೆಂದು ಇಂಚಿಗೊಂದರಂತೆ ಹಿತ್ತಾಳೆ ಮೊಳೆ ಹೊಡೆದುಕೊಟ್ಟಿದ್ದರು. ಆಕೆ ಕತ್ತರಿಸಲು ಕಲಿತದ್ದೇ ಅದರ ಮೇಲೆ. ಭಾವನವರು ಅದೊಂದನ್ನಾದರೂ ಮನೆತನಕ್ಕೆ ಬಿಡಿ ಎಂದು ಹೇಳಿಕಳಿಸಿದ್ದರು. ಆಕೆ ಮಾತ್ರ ಬೀದಿ ದಾಟಿ ಮೂಲೆ ಅಂಗಡಿಯ ಟೈಲರಮ್ಮನ ಬಾಗಿಲಿಗೆ ಹೋದಳು.

ಇಬ್ಬರೂ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಈಕೆ ಕತ್ತರಿಸಿ ಟೈಲರಮ್ಮ ಹೊಲಿದ ಒಂದು ಕೋಟು ಕೆಟ್ಟು, ನೀನು ಕೆಡಿಸಿದ್ದು, ನೀನು ಕೆಡಿಸಿದ್ದು ಎಂದು ಜಗಳವಾಗಿತ್ತು. ಆದರೆ ಟೈಲರಮ್ಮ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುವುದನ್ನೂ, ಏಳುವಾಗ ಗೋಡೆ ಹಿಡಿಯುವುದನ್ನೂ ಈಕೆ ತನ್ನ ಕಿಟಕಿಯಿಂದ ದಿನಾ ನೋಡುತ್ತಿದ್ದಳು. ಆ ಕೈಗಿಂತ ಒಳ್ಳೆಯ ಕೈ ಊರಿನಲ್ಲಿ ಇನ್ನೊಂದಿಲ್ಲ ಎಂಬುದೂ ಗೊತ್ತಿತ್ತು.

"ನಿಮ್ಮ ಅಂಗಡೀಲಿ ಎಂಟಡಿ ಜಾಗ ಇದೆಯಾ?" ಎಂದಳು.

ಟೈಲರಮ್ಮ ಕತ್ತರಿ ಕೆಳಗಿಟ್ಟು, ಕೊರಳಲ್ಲಿದ್ದ ಟೇಪಿನ ಒಂದು ತುದಿಯನ್ನು ಈಕೆಯ ಕೈಗೆ ಕೊಟ್ಟರು. ಗೋಡೆಯಿಂದ ಗೋಡೆಗೆ ಅಳೆದರು. ಹಿಡಿಸುವಂತಿತ್ತು.

"ಆ ಕೋಟಿನ ಕೊರಳು ಕೆಡಿಸಿದ್ದು ನಾನೇ," ಎಂದರು ಟೈಲರಮ್ಮ, ಟೇಪು ಸುತ್ತುತ್ತಾ.

"ಗೊತ್ತು," ಎಂದಳು ಈಕೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮೇಜಿನ ಒಂದು ತುದಿ ಗಂಡ, ಇನ್ನೊಂದು ತುದಿ ಈಕೆ ಹಿಡಿದು ಬೀದಿಗೆ ಇಳಿಸುವಷ್ಟರಲ್ಲಿ ಭಾವನವರು ಎದುರಿಗೇ ಬಂದು ನಿಂತರು. ಅಪ್ಪ ಮಾಡಿದ್ದನ್ನು ಕಂಡಕಂಡವರಿಗೆ ಕೊಡುವುದು ಯಾವ ನ್ಯಾಯ ಎಂದು ತಮ್ಮನನ್ನೇ ಕೇಳಿದರು. ಅಣ್ಣನ ಮಾತಿಗೆ ಎಂದೂ ಎದುರಾಡದವನು ಅಂದು ಬಾಯಿ ಬಿಟ್ಟ.

"ಅಪ್ಪ ಇದನ್ನ ನಿನಗೂ ಮಾಡಿದ್ದಲ್ಲ, ನನಗೂ ಮಾಡಿದ್ದಲ್ಲ ಅಣ್ಣ. ಇವಳಿಗೆ ಮಾಡಿದ್ದು. ಇವಳು ಯಾರಿಗೆ ಬೇಕಾದ್ರೂ ಕೊಡ್ತಾಳೆ. ಸ್ವಲ್ಪ ಪಕ್ಕಕ್ಕೆ ಬಾ, ಕೈ ನೋಯ್ತಿದೆ."

ಭಾವನವರು ಪಕ್ಕಕ್ಕೆ ಸರಿದರು. ಮೇಜು ದಾಟಿಹೋದ ಮೇಲೆ ಅವರ ದನಿ ಕುಗ್ಗಿತು. ಹೋಗಲಿ, ಅಮ್ಮನನ್ನಾದರೂ ಬಿಟ್ಟುಹೋಗಿ, ಈ ವಯಸ್ಸಿನಲ್ಲಿ ಅವಳಿಗೆ ಯಾಕೆ ಈ ಅಲೆದಾಟ ಎಂದರು. ಹೊಸ್ತಿಲಲ್ಲಿ ಕೂತು ತಮ್ಮ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ನಾನೇನು ಮಂಚವೇನೋ, ಹಂಚಿಕೊಳ್ಳೋಕೆ? ನಿಮ್ಮಪ್ಪ ನಲವತ್ತು ವರ್ಷ ಇದೇ ಬೀದೀಲಿ ಕೂರಿಸಿದ್ರು. ಎರಡು ದಿನ ರೈಲಲ್ಲಿ ಕೂರೋ ಯೋಗ ಈಗ ಬಂದಿದೆ. ಅದಕ್ಕೂ ಕಲ್ಲು ಹಾಕಬೇಡ. ಬಾ, ಈ ಗಂಟು ಹಾಕಿಕೊಡು, ನನ್ನ ಬೆರಳಿಗೆ ಬಲ ಇಲ್ಲ."

ಭಾವನವರು ಕುಕ್ಕರಗಾಲಲ್ಲಿ ಕೂತು ಗಂಟು ಹಾಕಿದರು. ಹಾಕುವಾಗ ಅವರ ಕಣ್ಣು ತುಂಬಿದ್ದನ್ನು ನೋಡಿ ಮಾಸ್ಟರಮ್ಮ ಒಳಗೆ ಹೋಗಿ, ಕುಡಿಯಲು ನೀರು ತಂದುಕೊಟ್ಟಳು.

ಹೊರಡುವ ದಿನ ಆ ಟ್ರಂಕನ್ನು ಪ್ಲಾಟ್‌ಫಾರ್ಮಿನವರೆಗೆ ಹೊತ್ತವರೂ ಅವರೇ. ರೈಲು ಅಲುಗಿದಾಗ, ಹೋಗಿಬರ್ತೀವಿ ಅಂತ ಹೇಳಮ್ಮ ಎಂದು ಅತ್ತೆ ಪಿಸುಗುಟ್ಟಿದರು. ಆಕೆ ಕಿಟಕಿಯ ಸರಳು ಹಿಡಿದುಕೊಂಡು, "ಹೋಗ್ತೀವಿ ಭಾವ. ಈ ಸಲ ನೀವು ಬನ್ನಿ," ಎಂದಳು.

ಹೊಸ ಊರು ಹೂವಿನ ಹಾಸಿಗೆಯಾಗಿರಲಿಲ್ಲ. ಬರಿಯ ನೆಲದಲ್ಲಿ ಮೂರು ವಾರ ಮಲಗಿದರು. ಭಾಷೆ ಬಾರದೆ, ಹಾಲು ಬೇಕೆಂದರೂ ಬೆರಳು ತೋರಿಸಬೇಕಿತ್ತು. ಅಲ್ಲಿಯ ಕೆಲಸಗಾರರಲ್ಲೂ ಕೆಲವರು ಮೊದಮೊದಲು ಆಕೆಯ ಮಾತು ಕೇಳಿಸದಂತೆ ನಟಿಸಿದರು. ಒಂದು ಸಂಜೆ ಆಕೆ ನಲ್ಲಿ ಬಿಟ್ಟುಕೊಂಡು ಸದ್ದಿಲ್ಲದೆ ಅತ್ತಳು. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಬಟ್ಟೆ ಹಾಸಿ ನಿಂತಳು. ಮೊದಲ ಸಂಬಳದಲ್ಲಿ ಕೊಂಡದ್ದು ಅತ್ತೆಗೆ ಕಿಟಕಿಯ ಪಕ್ಕಕ್ಕೊಂದು ಕುರ್ಚಿ. ಅತ್ತೆ ಅದರಲ್ಲಿ ಕೂತು, ದಾರಿಹೋಕರನ್ನು ಮಾತಾಡಿಸಿ ಮಾತಾಡಿಸಿ, ಮನೆಯಲ್ಲಿ ಎಲ್ಲರಿಗಿಂತ, ಮಗಳಿಗಿಂತಲೂ ಮೊದಲು ಆ ಊರಿನ ಭಾಷೆ ಕಲಿತರು. ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನನ್ನು ಅವನ ಭಾಷೆಯಲ್ಲೇ ಬೈದರು.