ಅಕ್ಕನ ಸಲುವಾಗಿ ಹಾಕಿಸಿದ ಹಾಡು

ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಹಾಡು ತುಂಬುವ ಕೆಲಸ ಮಾಡುತ್ತಿದ್ದೆ. ಗಿರಾಕಿಯ ಫೋನಿನಿಂದ ಮೆಮರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ಕೇಳಿದ ಹಾಡುಗಳನ್ನು ಅದರೊಳಗೆ ಇಳಿಸಿ ಕೊಡುವುದು. ಏಳನೆಯ ತರಗತಿಗೇ ಸಾಲೆ ಬಿಟ್ಟ ನನಗೆ ಅದು ದೊಡ್ಡ ನೌಕರಿಯೇ ಆಗಿತ್ತು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಔರಾದ್ ಕಡೆಯ ನಮ್ಮ ಊರಿನ ಬಾವಿ ಬತ್ತಿದ ಮೇಲೆ ಕುರಿಗಳನ್ನು ಮಾರಿ ನಾನೂ ಅವ್ವನೂ ಭಾಲ್ಕಿಗೆ ಬಂದು ಒಂದು ಕೋಣೆ ಹಿಡಿದಿದ್ದೆವು. ಅಪ್ಪ ಮೊದಲೇ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿದ್ದ ಅಕ್ಕ, ಭಾವನ ಸಂಗಡ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ನಮ್ಮ ಕಡೆಯ ಮೇಸ್ತ್ರಿಯೊಬ್ಬ ಇಪ್ಪತ್ತು ಜನರನ್ನು ಕಟ್ಟಿಕೊಂಡು ಹೋಗಿದ್ದ. ಅವರಲ್ಲಿ ಇವರೂ ಇಬ್ಬರು.

ಆ ವರ್ಷ ಬಜಾರಿನ ಬೇರೆ ಅಂಗಡಿಗಳು ನೊಣ ಹೊಡೆಯುತ್ತಿದ್ದರೂ ನಮ್ಮದು ತುಂಬಿರುತ್ತಿತ್ತು. ದುಡಿಯಲು ಹೋಗುವವರೆಲ್ಲ ರೈಲು ಹತ್ತುವ ಮೊದಲು ಕಾರ್ಡ್ ತುಂಬಿಸಿಕೊಳ್ಳಲು ಬರುತ್ತಿದ್ದರು.

"ಎಂಥಾ ಹಾಡ ಹಾಕ್ಲಿರಿ?" ಎಂದು ಕೇಳಿದರೆ, "ಯಾವರೆ ಹಾಕಪ್ಪ, ಕಾರ್ಡ್ ತುಂಬಬೇಕು ನೋಡು. ಜಾಗಾ ಉಳಸಬ್ಯಾಡ" ಎನ್ನುತ್ತಿದ್ದರು. ಜೋಳದ ಚೀಲವನ್ನು ಅಲುಗಾಡಿಸಿ ಬಾಯಿತನಕ ತುಂಬಿಸಿದ ಹಾಗೆ.

ಫೋನಿನಲ್ಲೇ ಹಾಡು ಇಳಿಸಿಕೊಳ್ಳಬಹುದು, ಒಂದೊಂದಕ್ಕೂ ದರ ಇರುತ್ತದೆ ಎಂದು ಡಾಬಕಾ ಹಳ್ಳಿಯ ಒಬ್ಬ ಮುದುಕನಿಗೆ ಒಮ್ಮೆ ಹೇಳಿದೆ. ಆತ ನನ್ನ ಮುಖವನ್ನೇ ನೋಡಿದ.

"ಹಾಡಿಗಿ ರೊಕ್ಕ? ಹಾಡಿದಂವ ಹಾಡಿ ಹೋದ. ಗಾಳಿಗಿ ರೊಕ್ಕ ಕೊಡ್ತೇವೇನೋ? ನಾ ಕೊಡ್ಲತ್ತಿದ್ದು ನಿನ್ನ ಕೈಕೆಲಸಕ್ಕ, ತಗೋ."

ಪಕ್ಕದಲ್ಲಿದ್ದವನು, "ಆ ಗುಂಡಿ ಒತ್ತಲೇ ಬ್ಯಾಡ ಮುತ್ತ್ಯಾ, ಬ್ಯಾಲೆನ್ಸ್ ಎಲ್ಲಾ ನುಂಗಿಬಿಡ್ತದ" ಎಂದ. ಎಲ್ಲರ ಮನಸ್ಸೂ ಹೀಗೇ ಇತ್ತು. ಆದರೆ ಇದೇ ಜನ ಕಾಲರ್ ಟ್ಯೂನಿಗೆ ಮಾತ್ರ ತಿಂಗಳು ತಿಂಗಳು ಕೊಡುತ್ತಿದ್ದರು. ನಮಗೆ ಯಾರಾದರೂ ಫೋನ್ ಮಾಡಿದರೆ ಟ್ರಿಣ್ ಟ್ರಿಣ್ ಬದಲು ಅವರಿಗೆ ಹಾಡು ಕೇಳಿಸುತ್ತದಲ್ಲ, ಅದು. ತಾವು ಕೇಳುವ ಹಾಡಿಗೆ ಬಿಚ್ಚದ ಕೈ, ಬೇರೆಯವರ ಕಿವಿಗೆ ಬೀಳುವ ಹಾಡಿಗೆ ಬಿಚ್ಚುತ್ತಿತ್ತು.

ನಾನೂ ಒಂದು ಹಾಕಿಸಿದೆ, ಅಕ್ಕನ ಸಲುವಾಗಿ. ಆಕೆಯ ಫೋನು ಸಾದಾ ಫೋನು, ಕಾರ್ಡ್ ಹಾಕುವ ಜಾಗವೇ ಇರಲಿಲ್ಲ. ಆಕೆಗೆ ಓದಲೂ ಬರುವುದಿಲ್ಲ. ನಾನು ಸಾಲೆಗೆ ಹೋದ ಏಳು ವರ್ಷ ಆಕೆ ಕುರಿಗಳ ಹಿಂದೆ ಇದ್ದಳು. ಅದಕ್ಕೆ ಎರಡರ ಗುಂಡಿಯನ್ನು ಒತ್ತಿ ಹಿಡಿದರೆ ನನಗೆ ಫೋನ್ ಹೋಗುವಂತೆ ನಾನೇ ಮಾಡಿಕೊಟ್ಟಿದ್ದೆ. ದಿನವೂ ಕೆಲಸ ಮುಗಿಸಿ, ಮೈ ತೊಳೆದುಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಒತ್ತುತ್ತಿದ್ದಳು. ನಾನು ಎತ್ತಬಾರದು. ಎತ್ತಿದರೆ ದುಡ್ಡು ಹೋಗುತ್ತದೆ, ಹಾಡೂ ನಿಲ್ಲುತ್ತದೆ. ನಮ್ಮಲ್ಲಿ ಆಗ ಎಷ್ಟೋ ಮನೆಯವರು ಹೀಗೇ ಪುಕ್ಕಟೆ ಹಾಡು ಕೇಳುತ್ತಿದ್ದರು.

"ಇಲ್ಲಿ ಎಲ್ಲಾ ತೆಲುಗು ಹಾಡ ಹಚ್ಚತಾರೋ ತಮ್ಮಾ" ಎಂದು ಒಮ್ಮೆ ಹೇಳಿದ್ದಳು. "ನಿಂದು ಕೇಳಿದರ ನಮ್ಮ ಕಟ್ಟಿ ಮ್ಯಾಲ ಕುಂತಂಗ ಆಗ್ತದ. ಒಂದಿನಾ ಮರತ ಎತ್ತಿಬಿಟ್ಟೆಲ್ಲ, ಬೈಬೇಕ ಅನಿಸಿತ್ತು ನೋಡು."

ಬಸುರಿಯಾಗಿದ್ದ ಆಕೆಗೆ ಏಳು ತಿಂಗಳಾದಾಗ ಅವ್ವ ಹೇಳಲು ಶುರು ಮಾಡಿದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ತಮ್ಮನೇ ಹೋಗಿ ಕರೆತರಬೇಕು. ನಾನು ಬರುವ ವಾರ, ಬರುವ ವಾರ ಎಂದು ತಳ್ಳುತ್ತಾ ಬಂದೆ. ಮಾಲೀಕ ರಜೆ ಕೊಡುವುದಿಲ್ಲ ಎಂದೆ. ಮಾಲೀಕನನ್ನು ನಾನು ಕೇಳಿಯೇ ಇರಲಿಲ್ಲ. ಇರುವುದು ಒಂದೇ ಕೋಣೆ. ಅಕ್ಕ ಬಂದರೆ, ಕೂಸು ಬಂದರೆ, ನಾಲ್ಕೈದು ತಿಂಗಳು ನಾನು ಹೊರಗೆ ಮಲಗಬೇಕು. ಟ್ಯಾಂಕರಿನ ಮುಂದೆ ಇನ್ನೆರಡು ಕೊಡ ಹಿಡಿದು ನಿಲ್ಲಬೇಕು. ಇಷ್ಟೇ ಕಾರಣ. ಬರೆಯುವಾಗ ಇಷ್ಟು ಸಣ್ಣದಾಗಿ ಕಾಣುತ್ತದೆ. ಆಗ ಬೆಟ್ಟದಷ್ಟಿತ್ತು.

ಎಂಟು ತುಂಬಿತು. ಅಕ್ಕನೂ ಒಮ್ಮೆ, "ಯಾವಾಗ ಬರ್ತೀಯೋ?" ಎಂದು ಕೇಳಿದಳು. ಆಮೇಲೆ ಆಕೆಯ ಫೋನೆಂದರೆ ಎದೆಯಲ್ಲಿ ಒಂದು ತರಹದ ಸಿಟ್ಟು ಬರುತ್ತಿತ್ತು. ಸಂಜೆಯದಾದರೆ ಚಿಂತೆಯಿರಲಿಲ್ಲ, ಎತ್ತುವ ಹಾಗೇ ಇರಲಿಲ್ಲವಲ್ಲ.

ಅವತ್ತು ಸಂತೆಯ ದಿನ. ಮಧ್ಯಾಹ್ನದ ರೈಲಿಗೆ ಹೊರಟ ಹತ್ತು ಹನ್ನೆರಡು ಜನ ಅಂಗಡಿಯಲ್ಲಿ ನಿಂತಿದ್ದರು. ನನ್ನ ಫೋನು ಮೇಜಿನ ಮೇಲೆ ಹೊಡೆದುಕೊಂಡಿತು. ಅಕ್ಕ. ಪೂರ್ತಿ ಹೊಡೆದು ನಿಂತಿತು. ಮತ್ತೆ ಹೊಡೆಯಿತು.

"ಎತ್ತರಿ ಅಣ್ಣಾ, ಯಾರೋ ಭಾಳ ಹೊತ್ತಿಂದ ಮಾಡ್ಲತ್ತಾರ" ಎಂದ ಗಿರಾಕಿಯೊಬ್ಬ.

"ನಮ್ಮಕ್ಕರಿ. ಹಾಡ ಕೇಳ್ಲಿಕ್ಕ ಮಾಡ್ತಾಳ" ಎಂದೆ.

"ಅಯ್ಯ, ಹಂಗಾರ ಎತ್ತಬ್ಯಾಡ್ರಿ! ನಿಮ್ಮ ರೊಕ್ಕದಾಗ ಅಕ್ಕ ರೇಡಿಯೋ ಹಚ್ಚ್ಯಾಳ ಬಿಡ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಡಿಗಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕ ಮಧ್ಯಾಹ್ನ ಎಂದೂ ಫೋನ್ ಮಾಡಿದವಳಲ್ಲ, ಎರಡು ಸಲ ಮಾಡಿದವಳೂ ಅಲ್ಲ. ಕರೆದುಕೊಂಡು ಹೋಗು ಎನ್ನಲು ಮಾಡುತ್ತಿದ್ದಾಳೆ ಅಂದುಕೊಂಡೆ. ಮೂರನೆಯ ಸಲ ಹೊಡೆದಾಗ ಫೋನನ್ನು ಕೈಯಲ್ಲಿ ತೆಗೆದುಕೊಂಡು ಕೆಂಪು ಗುಂಡಿ ಒತ್ತಿದೆ. ನಾಲ್ಕನೆಯ ಸಲ ಬರಲಿಲ್ಲ.

ಆ ಹೊತ್ತಿಗೆ ಅಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ಹೊಟ್ಟೆನೋವು ಶುರುವಾಗಿತ್ತು. ಮೇಸ್ತ್ರಿ ಆ ದಿನ ಎಲ್ಲರನ್ನೂ ಊರಾಚೆಯ ಇನ್ನೊಂದು ಕಟ್ಟಡಕ್ಕೆ ಕರೆದೊಯ್ದಿದ್ದ. ಭಾವನ ಹತ್ತಿರ ಫೋನಿರಲಿಲ್ಲ, ಇದ್ದ ಒಂದು ಆಕೆಯ ಕೈಯಲ್ಲಿತ್ತು. ಅದರಲ್ಲಿ ಆಕೆಗೆ ಒತ್ತಲು ಗೊತ್ತಿದ್ದದ್ದು ಎರಡರ ಗುಂಡಿಯೊಂದೇ. ಮೇಸ್ತ್ರಿಯ ನಂಬರು ನನ್ನ ಫೋನಿನಲ್ಲಿತ್ತು. ಆತ ನಮ್ಮ ಅಂಗಡಿಯ ಗಿರಾಕಿಯೇ. ಎತ್ತಿದ್ದರೆ ಒಂದು ಮಾತಿನಲ್ಲಿ ಆಗುವ ಕೆಲಸವಿತ್ತು. ಸಂಜೆ ಭಾವ ಬಂದು ನೋಡುವ ತನಕ ಆಕೆ ಗೋಡೆ ಹಿಡಿದು ಕೂತಿದ್ದಳು. ದವಾಖಾನೆಗೆ ಒಯ್ದರು. ಗಂಡು ಕೂಸು. ಉಸಿರಿರಲಿಲ್ಲ.

ಮರುದಿನ ನಾನೂ ಅವ್ವನೂ ಹೋದೆವು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಭಾವ ನನ್ನನ್ನು ಕಂಡವನೇ ಕೇಳಿದ.

"ಮೂರ್ ಸಲ ಮಾಡ್ಯಾಳಂತ. ಯಾಕ ಎತ್ತಲಿಲ್ಲೋ?"

ನಾನು ಏನಾದರೂ ಹೇಳುವ ಮೊದಲೇ ಅಕ್ಕ ಹೊರಳಿದಳು.

"ಅಂವಗ ಏನ ಕೇಳ್ತೀರಿ? ದಿನಾ ಹಾಡಿಗಿ ಮಾಡ್ತಿದ್ದೆ, ಹಾಡಿಗೇ ಮಾಡ್ಯಾಳ ಅಂತ ತಿಳಕೊಂಡಾನ. ಅಂವಗ ಹ್ಯಾಂಗ ಗೊತ್ತಾಗಬೇಕ್ರಿ? ನಂದೇ ತಪ್ಪು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಹೌದೆಂದು ತಲೆ ಆಡಿಸಿದೆ. ಅಂಗಡಿಯಲ್ಲಿ ಗಿರಾಕಿಗೆ ಹೇಳಿದ ಸುಳ್ಳನ್ನೇ ಅಕ್ಕ ನನಗೆ ತಿರುಗಿ ಕೊಟ್ಟಿದ್ದಳು, ನಾನು ಕೈ ಚಾಚಿ ತೆಗೆದುಕೊಂಡೆ. ಭಾಲ್ಕಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳಿ ಹೇಳಿ ನನಗೂ ಅರ್ಧ ನಿಜ ಅನ್ನಿಸತೊಡಗಿತ್ತು.

ತಿಂಗಳೆರಡು ಕಳೆದಿರಬೇಕು. ಅಂಗಡಿಗೆ ಬೀದರಿನ ಒಬ್ಬ ಬಂದು ಜಗಳ ತೆಗೆದ. "ನನ್ನ ಟ್ಯೂನ್ ಪೂರಾ ಬರಂಗಿಲ್ಲಂತ ನಮ್ಮ ಬೀಗರು ಹೇಳ್ತಾರ. ನಡುವೇ ನಿಂತು ಯಾರೋ ಹೆಣ್ಮಗಳು ಮಾತಾಡ್ತಾಳಂತ. ಪೂರಾ ರೊಕ್ಕ ತಗೊಂಡು ಅರ್ಧಾ ಹಾಡೇನ್ರಿ?"

ಮಾಲೀಕ ನಕ್ಕ. "ನೀವ ಕಟ್ ಮಾಡಿದರ ನಿಂದರ್ತದ್ರಿ. ಎತ್ತದೆ ಬಿಟ್ಟರ ಕಡೀತನಕ ಬರ್ತದ. ನೀವ ಕಟ್ ಮಾಡಿದ್ದು ಬೀಗರಿಗಿ ಗೊತ್ತಾಗೇ ಆಗ್ತದ."

ನಾನು ಆಗ ಯಾರದೋ ಕಾರ್ಡ್ ತುಂಬುತ್ತಿದ್ದೆ. ಕೈ ನಿಂತಿತು. ಅಂಗಡಿಯ ಫೋನಿನಿಂದ ನನ್ನ ನಂಬರಿಗೆ ಹಚ್ಚಿ, ಅದನ್ನು ಕಿವಿಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಫೋನಿನ ಕೆಂಪು ಗುಂಡಿ ಒತ್ತಿದೆ. ಹಾಡು ಅರ್ಧ ಮಾತಿಗೆ ಕಡಿಯಿತು. ನೀವು ಕರೆ ಮಾಡಿದ ಚಂದಾದಾರರು ಬೇರೆ ಕರೆಯಲ್ಲಿದ್ದಾರೆ ಎಂದು ಹೆಣ್ಣು ದನಿ ಹೇಳಿತು.

ಆ ಹಾಡನ್ನು ಅಕ್ಕ ದಿನವೂ ಕಡೆಯ ತನಕ ಕೇಳಿದವಳು. ಅದು ಎಲ್ಲಿ ಮುಗಿಯುತ್ತದೆ ಎಂದು ಆಕೆಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಫೋನು ನನ್ನ ಕೈಯಲ್ಲೇ ಇತ್ತೆಂದು, ನೋಡಿಯೇ ಕಡಿದೆನೆಂದು, ಆ ಮೂರನೆಯ ಸಲವೇ ಆಕೆಗೆ ಗೊತ್ತಾಗಿತ್ತು. ನಾಲ್ಕನೆಯ ಸಲ ಮಾಡದೆ ಇದ್ದದ್ದು ಅದಕ್ಕೇ. ಗೊತ್ತಿದ್ದೂ ದವಾಖಾನೆಯಲ್ಲಿ ಗಂಡನ ಮುಂದೆ ನನ್ನನ್ನು ಉಳಿಸಿದಳು.

ಟ್ಯೂನ್ ತೆಗೆಸಿದೆ. ಅಕ್ಕ ಸಂಜೆ ಫೋನ್ ಮಾಡುವುದನ್ನು ಅದಕ್ಕಿಂತ ಮೊದಲೇ ಬಿಟ್ಟಿದ್ದಳು. ಯಾಕೆ ತೆಗೆಸಿದೆ ಎಂದು ಕೇಳಲಿಲ್ಲ. ತಪ್ಪೊಪ್ಪಿಕೊಳ್ಳಬೇಕೆಂದು ಎರಡು ಸಲ ಹೈದರಾಬಾದಿಗೆ ಹೋದೆ. ಒಮ್ಮೆ ಬುತ್ತಿ ಕಟ್ಟಿಕೊಟ್ಟಳು, ಒಮ್ಮೆ ಅಂಗಿಯ ಗುಂಡಿ ಹಚ್ಚಿಕೊಟ್ಟಳು. ಎರಡು ಸಲವೂ ಹೇಳದೆ ಬಂದೆ.

ಮುಂದೆ ಮಳೆಯಾಯಿತು. ಅವ್ವ ಊರಿಗೆ ಮರಳಿದಳು. ಅಕ್ಕ ಮತ್ತೆ ಬಸುರಿಯಾದಳು. ಐದನೆಯ ತಿಂಗಳಲ್ಲೇ ನಾನು ಫೋನ್ ಮಾಡಿದೆ. ಕೋಣೆ ಬಿಟ್ಟು ಎರಡು ಖೋಲಿಯ ಮನೆ ಹಿಡಿದಿದ್ದೇನೆ, ನಳವೂ ಇದೆ, ಅವ್ವನನ್ನೂ ಕರೆಸುತ್ತೇನೆ, ಕರೆಯಲು ಬರುತ್ತೇನೆ ಎಂದೆ.

"ಇರಲಿ ಬಿಡೋ ತಮ್ಮಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅತ್ತಿ ಬಗದಲ ಊರಾಗ ಅದಾರ, ಅಲ್ಲೇ ಹೋಗ್ತೇನಿ. ನಿನಗ ಯಾಕ ತ್ರಾಸು?"

"ತ್ರಾಸೇನ ಅದ ಅಕ್ಕಾ? ತವರಿಗಿ ಬರೂದು ಪದ್ಧತಿ ಅಲ್ಲ?"

"ಅದು ಚೊಚ್ಚಲಿಗಿ ಅಷ್ಟೇ" ಎಂದಳು. "ನೀ ಊಟಾ ಮಾಡಿದಿ?"

ಮಾಡಿದೆ ಎಂದೆ.